ಮಿಸ್ ಹಾರ್ಟ್ಲಿ ಅಂದರೆ ಯಾರು? ಒಂದು ರೀಜೆನ್ಸಿ ಕಥೆ ಬರೆದ ನನ್ನ ಅನುಭವ

ರೀಜೆನ್ಸಿ ಪ್ರೇಮಕಥೆಗಳಲ್ಲಿ ನನಗೆ ತುಂಬ ಇಷ್ಟವಾದ ಒಂದು ಬಗೆ ಇದೆ. ಯಾರನ್ನೋ ಯಾರೋ ಅಂತ ತಿಳಿದು ಪ್ರೀತಿಸುವುದು, ಅದೇ ತಿಳಿವಳಿಕೆಯಲ್ಲಿ ಮದುವೆಯೂ ಆಗಿಬಿಡುವುದು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿಂದ ಇಂಥ ಕಾದಂಬರಿಗಳನ್ನು ಕಾಲೇಜಿನ ದಿನಗಳಿಂದಲೂ ಹುಡುಕಿ ತಂದು ಓದಿದವಳು ನಾನು. ಓದುತ್ತ ಓದುತ್ತ, ಅಂಥದ್ದೊಂದನ್ನು ಕನ್ನಡದಲ್ಲಿ ನಾನೇ ಬರೆಯಬೇಕು ಅನಿಸಿತು. ಬರೆದೆ. ಕಥೆಯನ್ನು ಇಂಗ್ಲೆಂಡಿನಲ್ಲೇ, 1816ರಲ್ಲೇ ಇಟ್ಟೆ. ಮೈಸೂರಿಗೋ ಮಡಿಕೇರಿಗೋ ತರಲಿಲ್ಲ. ಯಾಕೆಂದರೆ ಈ ಕಥೆಗಳ ಜೀವ ಇರುವುದು ಆ ಕಾಲದ, ಆ ಊರಿನ ಕಟ್ಟುಕಟ್ಟಳೆಗಳಲ್ಲಿ. ಅವನ್ನು ತೆಗೆದರೆ ಕಥೆ ನಿಲ್ಲುವುದಿಲ್ಲ.

ರೀಜೆನ್ಸಿ ಅಂದರೆ 1811ರಿಂದ 1820ರವರೆಗಿನ ಕಾಲ. ಮೂರನೇ ಜಾರ್ಜ್ ದೊರೆಗೆ ಕಾಯಿಲೆ ಜಾಸ್ತಿಯಾಗಿ, ಅವನ ಹೆಸರಿನಲ್ಲಿ ಮಗ ರೀಜೆಂಟ್ ಆಗಿ ರಾಜ್ಯ ನಡೆಸಿದ ವರ್ಷಗಳು. ಜೇನ್ ಆಸ್ಟಿನ್ ಅವರ ಕಾದಂಬರಿಗಳು ಅಚ್ಚಾದದ್ದೂ ಆಗಲೇ. ಆದರೆ ಆ ಕಾಲವನ್ನು ಹಿಂತಿರುಗಿ ನೋಡಿ ಬರೆಯುವ ಈ ಪ್ರಕಾರಕ್ಕೆ ಅಡಿಪಾಯ ಹಾಕಿದವರು 1930ರ ದಶಕದಲ್ಲಿ ಜಾರ್ಜೆಟ್ ಹೇಯರ್. ಇವತ್ತಿಗೂ ಬರೆಯುವವರೆಲ್ಲ ಅವರು ಹಾಕಿದ ದಾರಿಯಲ್ಲೇ ನಡೆಯುತ್ತಿದ್ದಾರೆ.

ಆಗ ಒಬ್ಬ ಮನುಷ್ಯ ಯಾರು ಅಂತ ತಿಳಿಯುತ್ತಿದ್ದದ್ದು ಹೇಗೆ? ಫೋಟೋ ಇರಲಿಲ್ಲ. ಅದು ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಇದ್ದದ್ದು ಪರಿಚಯದ ಪತ್ರ, ಗೊತ್ತಿದ್ದವರ ಮಾತು, ತೊಟ್ಟ ಬಟ್ಟೆ, ಬಂದ ಗಾಡಿ. ಇಷ್ಟನ್ನೇ ನಂಬಿ ಮಗಳನ್ನು ಕೊಡಬೇಕಿತ್ತು.

ಬರೆಯುವ ಮೊದಲು ನಾನು ಓದಿಕೊಂಡದ್ದರಲ್ಲಿ ಮನಸ್ಸಿನಿಂದ ಹೋಗದೆ ಉಳಿದದ್ದು ಮೇರಿ ರಾಬಿನ್ಸನ್ ಕಥೆ. ಇದು ನಿಜವಾಗಿ ನಡೆದದ್ದು, ರೀಜೆನ್ಸಿಗೆ ಸ್ವಲ್ಪ ಮೊದಲು. ಇಂಗ್ಲೆಂಡಿನ ಉತ್ತರದಲ್ಲಿ, ಸರೋವರಗಳ ಸೀಮೆಯಲ್ಲಿ ಬಟರ್‌ಮೀರ್ ಅಂತ ಒಂದು ಹಳ್ಳಿ. ಮೇರಿ ಅಲ್ಲಿನ ತಂಗುಮನೆಯವನ ಮಗಳು. ಒಬ್ಬ ಪ್ರವಾಸಿ ಬರಹಗಾರ ಅವಳ ಚೆಲುವನ್ನು ಹೊಗಳಿ ಬರೆದಿದ್ದರಿಂದ ದೂರದ ಊರುಗಳವರಿಗೂ ಅವಳ ಹೆಸರು ಗೊತ್ತಿತ್ತು. 1802ರಲ್ಲಿ ಆ ಕಡೆ ಒಬ್ಬ ಬಂದ. ತಾನು ಕರ್ನಲ್ ಹೋಪ್, ಪಾರ್ಲಿಮೆಂಟ್ ಸದಸ್ಯ, ಹೋಪ್‌ಟನ್ ಅರ್ಲ್ ಅನ್ನುವ ದೊಡ್ಡ ಪದವಿಯವನ ತಮ್ಮ ಅಂದ. ಪಾರ್ಲಿಮೆಂಟ್ ಸದಸ್ಯರು ಕಾಗದದ ಮೇಲೆ ರುಜು ಹಾಕಿದರೆ ಅಂಚೆಗೆ ದುಡ್ಡು ಕೊಡಬೇಕಿರಲಿಲ್ಲ. ಇವನೂ ಹೋಪ್ ಹೆಸರಿನಲ್ಲಿ ರುಜು ಹಾಕಿ ಕಾಗದ ಕಳಿಸುತ್ತಿದ್ದ. ಜನ ನಂಬಿದರು. ಅಕ್ಟೋಬರಿನಲ್ಲಿ ಅವನಿಗೂ ಮೇರಿಗೂ ಮದುವೆಯಾಯಿತು. ಅವನ ನಿಜವಾದ ಹೆಸರು ಜಾನ್ ಹ್ಯಾಟ್‌ಫೀಲ್ಡ್. ಬೇರೆ ಹೆಂಡತಿ, ಮಕ್ಕಳು ಇದ್ದವನು. ಆಗ ಹತ್ತಿರದ ಕೆಸಿಕ್‌ನಲ್ಲೇ ಇದ್ದ ಕವಿ ಕೋಲರಿಜ್ ಈ ಸಂಗತಿಯನ್ನು ಲಂಡನ್ನಿನ ಪತ್ರಿಕೆಗೆ ಬರೆದರು, ದೇಶವೆಲ್ಲ ಮಾತಾಡಿತು. 1803ರಲ್ಲಿ ಕಾರ್ಲೈಲ್‌ನಲ್ಲಿ ಹ್ಯಾಟ್‌ಫೀಲ್ಡ್‌ನನ್ನು ಗಲ್ಲಿಗೇರಿಸಿದರು. ಒಬ್ಬ ಹುಡುಗಿಗೆ ಮೋಸ ಮಾಡಿದ್ದಕ್ಕಲ್ಲ, ಇನ್ನೊಬ್ಬರ ಹೆಸರಿನಲ್ಲಿ ರುಜು ಹಾಕಿದ್ದಕ್ಕೆ! ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಮೇರಿ ಆಮೇಲೆ ಒಬ್ಬ ರೈತನನ್ನು ಮದುವೆಯಾಗಿ ಬಾಳಿದಳು ಅಂತ ತಿಳಿದು ಸ್ವಲ್ಪ ಸಮಾಧಾನವಾಯಿತು.

ಇದನ್ನು ಓದಿದ ಮೇಲೆ ನನ್ನ ಕಥೆಗೆ ಒಂದು ನಿಯಮ ಹಾಕಿಕೊಂಡೆ. ಯಾರೂ ಸುಳ್ಳು ಹೇಳಬಾರದು. ವೇಷ ಬೇಡ, ಕಳ್ಳ ಹೆಸರು ಬೇಡ. ಒಳ್ಳೆಯವರು, ನಿಜವನ್ನೇ ಹೇಳುವವರು ಸೇರಿಕೊಂಡು ಒಂದು ತಪ್ಪಿನೊಳಗೆ ಹೋಗಬೇಕು. ಸುಳ್ಳಿನ ಮೇಲೆ ನಿಂತ ಪ್ರೀತಿಯನ್ನು ಕೊನೆಗೆ ಕ್ಷಮಿಸಬೇಕಾಗುತ್ತದೆ. ನನಗೆ ಕ್ಷಮೆಯ ಕಥೆ ಬೇಕಿರಲಿಲ್ಲ, ಗುರುತಿಸುವಿಕೆಯ ಕಥೆ ಬೇಕಿತ್ತು.

ಸುಳ್ಳೇ ಇಲ್ಲದೆ ಗುರುತು ತಪ್ಪುವುದು ಹೇಗೆ? ದಾರಿ ಸಿಕ್ಕಿದ್ದು ಆ ಕಾಲದ ಒಂದು ಮರ್ಯಾದೆಯಲ್ಲಿ. ಒಂದು ಮನೆಯಲ್ಲಿ ಇಬ್ಬರು ಮದುವೆಯಾಗದ ಹೆಣ್ಣುಮಕ್ಕಳಿದ್ದರೆ, ದೊಡ್ಡವಳನ್ನು ಮನೆತನದ ಹೆಸರಿನಿಂದ ಮಾತ್ರ ಕರೆಯುತ್ತಿದ್ದರು. ಅವಳು ಮಿಸ್ ಹಾರ್ಟ್ಲಿ. ಚಿಕ್ಕವಳು ಮಿಸ್ ಆನ್ ಹಾರ್ಟ್ಲಿ. ದೊಡ್ಡವಳ ಮದುವೆಯಾದ ದಿನದಿಂದ ಚಿಕ್ಕವಳೇ ಮಿಸ್ ಹಾರ್ಟ್ಲಿ! ಅಂದರೆ ಒಂದೇ ಹೆಸರು ಒಬ್ಬಳಿಂದ ಇನ್ನೊಬ್ಬಳಿಗೆ ದಾಟುತ್ತದೆ, ಯಾರೂ ಏನೂ ಮುಚ್ಚಿಡದೆ. ಇದನ್ನು ಕಂಡ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಥೆಯ ಬೆನ್ನುಮೂಳೆ ಸಿಕ್ಕಿತ್ತು.

ಹಾಗಾಗಿ ನನ್ನ ನಾಯಕ ಕ್ಯಾಪ್ಟನ್ ವೇರಿಂಗ್ 1814ರಲ್ಲಿ ಬಾತ್ ಊರಿನ ನೃತ್ಯಶಾಲೆಯಲ್ಲಿ ಮಿಸ್ ಹಾರ್ಟ್ಲಿಯ ಜೊತೆ ಕುಣಿಯುತ್ತಾನೆ. ಅವಳು ಅಕ್ಕ ಆಗಸ್ಟಾ. ತಂಗಿ ಆನ್ ಆ ರಾತ್ರಿ ಅಲ್ಲಿಲ್ಲ. ಅಕ್ಕನಿಗೆ ಮದುವೆಯಾಗುವವರೆಗೆ ತಂಗಿಯನ್ನು ಇಂಥ ಕೂಟಗಳಿಗೆ ಕರೆದೊಯ್ಯದ ಮನೆಗಳು ಆಗ ಬೇಕಾದಷ್ಟಿದ್ದವು. ಮುಂದಿನ ವರ್ಷ ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬರುತ್ತಾನೆ, ವೇರಿಂಗ್ ಬೆಲ್ಜಿಯಮ್ಮಿಗೆ ಹೋಗುತ್ತಾನೆ. ಅದೇ ದಂಡಿನಲ್ಲಿ ಆ ಹುಡುಗಿಯರ ಅಣ್ಣ ನೆಡ್ ಇದ್ದಾನೆ.

ಮದುವೆಯಾಗದ ಗಂಡು ಹೆಣ್ಣು, ನಿಶ್ಚಿತಾರ್ಥವಾಗದೆ ಒಬ್ಬರಿಗೊಬ್ಬರು ಕಾಗದ ಬರೆಯುವ ಹಾಗಿರಲಿಲ್ಲ. ಹಾಗಿದ್ದರೆ ವೇರಿಂಗ್‌ಗೆ ಪ್ರೀತಿ ಹುಟ್ಟುವುದೆಲ್ಲಿಂದ? ಇಲ್ಲಿ ಅಂಚೆಯ ದರ ಸಹಾಯಕ್ಕೆ ಬಂತು. ಆಗ ಎಷ್ಟು ದೂರ, ಎಷ್ಟು ಹಾಳೆ ಅಂತ ನೋಡಿ ದರ ಹಾಕುತ್ತಿದ್ದರು. ಸಾಮಾನ್ಯವಾಗಿ ಆ ದುಡ್ಡು ಕೊಡಬೇಕಿದ್ದದ್ದು ಕಾಗದ ಪಡೆಯುವವನು. ಹೀಗಾಗಿ ಒಂದೇ ಹಾಳೆಯಲ್ಲಿ ಮನೆಯವರೆಲ್ಲ ಬರೆಯುತ್ತಿದ್ದರು. ಅಂಚಿನಲ್ಲಿ ಬರೆದು, ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ನೆಡ್‌ಗೆ ಅಪ್ಪ ಬರೆದ ಕಾಗದದ ಅಂಚಿನಲ್ಲಿ ಆನ್ ನಾಲ್ಕು ಸಾಲು ಸೇರಿಸುತ್ತಾಳೆ. ಪಕ್ಕದ ಮನೆಯ ಬಾತುಕೋಳಿಗಳ ಸುದ್ದಿ, ಪಾದ್ರಿಯ ನೆಗಡಿ, ಓದಿದ ಪುಸ್ತಕದ ಮೇಲೆ ಸಿಟ್ಟು. ನೆಡ್ ಅದನ್ನು ಬಿಡಾರದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಾನೆ. 'ನನ್ನ ತಂಗಿ ಬರೆದಿದ್ದಾಳೆ' ಅಂತಾನೆ ಅಷ್ಟೇ. ನೆಡ್‌ಗೆ ಇಬ್ಬರೂ ತಂಗಿಯರು. ಕೇಳುತ್ತ ಕೂತ ವೇರಿಂಗ್, ಬಾತ್‌ನಲ್ಲಿ ಕಂಡ ಮುಖಕ್ಕೆ ಈ ಮಾತುಗಳನ್ನು ಜೋಡಿಸಿಕೊಳ್ಳುತ್ತಾನೆ. ಅಕ್ಷರವನ್ನು ಅವನು ಕಣ್ಣಾರೆ ಕಂಡಿಲ್ಲ. ಜೂನ್ 18ರಂದು ವಾಟರ್‌ಲೂನಲ್ಲಿ ನೆಡ್ ಸಾಯುತ್ತಾನೆ. ನಿಜ ಹೇಳಬಲ್ಲವನು ಅವನೊಬ್ಬನೇ ಆಗಿದ್ದ.

ಆಗಸ್ಟಾಳ ಮದುವೆ ಅದೇ ವಸಂತದಲ್ಲಿ ಆಗಿಹೋಗಿದೆ. ಫ್ರಾನ್ಸಿನಲ್ಲಿ ಉಳಿದ ಸೇನೆಯಲ್ಲಿರುವ ವೇರಿಂಗ್‌ಗೆ ಅದು ಗೊತ್ತಿಲ್ಲ. ಮಿಸ್ ಹಾರ್ಟ್ಲಿಯನ್ನು ಕೊಡಿ ಅಂತ ಅವಳ ಅಪ್ಪನಿಗೆ ಬರೆಯುತ್ತಾನೆ. ಅಪ್ಪ ಸಂತೋಷದಿಂದ ಒಪ್ಪುತ್ತಾನೆ. ಆನ್‌ಗೂ ಸಂತೋಷ. ಅಣ್ಣನ ಗೆಳೆಯ ತನ್ನ ಸಾಲುಗಳನ್ನು ಕೇಳಿ ಮೆಚ್ಚಿದ್ದಾನೆ ಅಂತ ಅವಳು ತಿಳಿಯುತ್ತಾಳೆ. ಅದು ನಿಜವೇ ತಾನೆ? ವಕೀಲರು ಪತ್ರಗಳನ್ನು ಸಿದ್ಧಮಾಡುತ್ತಾರೆ. ಆನ್ ಕಳಿಸಿದ ಒಂದೇ ಒಂದು ಚಿಕ್ಕ ಉತ್ತರದ ಕೆಳಗೆ ಎ. ಹಾರ್ಟ್ಲಿ ಅಂತ ರುಜು. ಅಕ್ಕ ತಂಗಿ ಇಬ್ಬರ ಹೆಸರನ್ನೂ ಒಂದೇ ಅಕ್ಷರದಿಂದ ಶುರುಮಾಡಿದ್ದು ಇದಕ್ಕೇ. ಮದುವೆಗೆ ಕೆಲವೇ ದಿನ ಇರುವಾಗ ವೇರಿಂಗ್ ಬಂದು ಇಳಿಯುತ್ತಾನೆ. ಬಾಗಿಲಲ್ಲಿ ಅವನು ಎಂದೂ ನೋಡದ ಹುಡುಗಿ ನಿಂತಿದ್ದಾಳೆ.

ಕರಡನ್ನು ಮೊದಲು ಓದಿದವರು ನನ್ನ ಅತ್ತಿಗೆ. ಇಲ್ಲಿಗೆ ಬಂದಾಗ ಪುಸ್ತಕ ಕೆಳಗಿಟ್ಟು ಕೇಳಿದರು.

"ಅಲ್ಲ ಕಣೇ, ನಾನು ಕೇಳಿದ್ದು ನಿಮ್ಮ ಅಕ್ಕನ್ನ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ವಾ?"

"ಹೇಳಿದ್ರೆ ಆ ಹುಡುಗಿ ಗತಿ ಏನಾಗ್ತಿತ್ತು ಅತ್ತಿಗೆ, ನೀವೇ ಹೇಳಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಊರೆಲ್ಲ ಗೊತ್ತಾಗಿರತ್ತೆ" ಅಂದರು.

ಇಂಥ ಕಥೆ ನಿಲ್ಲುವುದೂ ಬೀಳುವುದೂ ಈ ಪ್ರಶ್ನೆಯಲ್ಲೇ. ಒಂದು ಮಾತಿನಿಂದ ಬಗೆಹರಿಯುವ ತಪ್ಪನ್ನು ಮುನ್ನೂರು ಪುಟ ಎಳೆದರೆ ಓದುವವರಿಗೆ ಪಾತ್ರಗಳ ಮೇಲೆ ಗೌರವ ಹೋಗುತ್ತದೆ. ಆ ಒಂದು ಮಾತನ್ನು ಆಡಲಾಗದ ಹಾಗೆ ಕಾಲವೇ ಬಾಯಿ ಕಟ್ಟಿರಬೇಕು. ರೀಜೆನ್ಸಿಯಲ್ಲಿ ಒಪ್ಪಿದ ಮದುವೆಯಿಂದ ಹೆಣ್ಣು ಹಿಂದೆ ಸರಿಯಬಹುದಿತ್ತು, ಮರ್ಯಾದಸ್ಥ ಗಂಡಸು ಸರಿಯುವ ಹಾಗಿರಲಿಲ್ಲ. ಸರಿದರೆ ಮಾತು ಮುರಿದದ್ದಕ್ಕೆ ಕೋರ್ಟಿಗೆ ಎಳೆಯಬಹುದಿತ್ತು. ಅದಕ್ಕಿಂತ ದೊಡ್ಡದು, ಹುಡುಗಿಯಲ್ಲೇ ಏನೋ ಐಬಿದೆ ಅಂತ ಊರು ಆಡಿಕೊಳ್ಳುವುದು. ವೇರಿಂಗ್ ಅದಕ್ಕಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನು ಹೇಡಿಯಲ್ಲ. ಸತ್ತ ಗೆಳೆಯನ ತಂಗಿಯನ್ನು ಊರ ಬಾಯಿಗೆ ಹಾಕಲಾರ, ಅಷ್ಟೇ. ಅಕ್ಕನನ್ನು ನೋಡಲು ಹೋಗಿ ತಂಗಿಯನ್ನು ಒಪ್ಪಿಕೊಂಡು ಬಂದ ಕಥೆಗಳನ್ನು ಕೇಳಿ ಬೆಳೆದ ನಮ್ಮ ಕಡೆಯ ಹೆಂಗಸರಿಗೆ ಈ ಮೌನ ತಟ್ಟನೆ ಅರ್ಥವಾಗುತ್ತದೆ.

ಕಾನೂನನ್ನೂ ಗಟ್ಟಿಮಾಡಿಕೊಂಡೆ. ಹಾರ್ಡ್‌ವಿಕ್ ಅವರ 1753ರ ಕಾಯ್ದೆಯ ಪ್ರಕಾರ ಆಗ ಇಂಗ್ಲೆಂಡಿನಲ್ಲಿ ಮದುವೆ ಸಾಮಾನ್ಯವಾಗಿ ಚರ್ಚಿನಲ್ಲೇ ಆಗಬೇಕಿತ್ತು. ಅದಕ್ಕೆ ಮೊದಲು ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಸಭೆಯಲ್ಲಿ ಓದಬೇಕಿತ್ತು, ಇಲ್ಲವೇ ಲೈಸೆನ್ಸ್ ಪಡೆಯಬೇಕಿತ್ತು. ಓದುವುದಕ್ಕೆ ಬ್ಯಾನ್ಸ್ ಅನ್ನುತ್ತಾರೆ. ಸುಳ್ಳು ಹೆಸರಿನಲ್ಲಿ ಬ್ಯಾನ್ಸ್ ಓದಿಸಿದ್ದರೆ ಮದುವೆಯೇ ಅಸಿಂಧು ಅಂತ ಕೋರ್ಟು ಹೇಳಬಹುದಿತ್ತು. ನನಗೆ ಅಂಥ ಕಳ್ಳಕಿಂಡಿ ಬೇಡವಾಗಿತ್ತು. ಆದ್ದರಿಂದ ಆನ್ ಹಾರ್ಟ್ಲಿ ಅನ್ನುವ ಪೂರ್ತಿ, ನಿಜವಾದ ಹೆಸರನ್ನೇ ಪಾದ್ರಿ ಓದುತ್ತಾನೆ. ಕೊನೆಯ ಭಾನುವಾರ ವೇರಿಂಗ್ ಅಲ್ಲಿ ಕೂತಿದ್ದಾನೆ. ತಕರಾರು ಇದ್ದವರು ಹೇಳಿ ಅಂದಾಗ ತಲೆ ತಗ್ಗಿಸುತ್ತಾನೆ. ಈ ಮದುವೆಯಿಂದ ಇಬ್ಬರಿಗೂ ಹೊರಗೆ ಬರುವ ದಾರಿಯಿಲ್ಲ. 1857ಕ್ಕೆ ಮೊದಲು, ಮತ್ತೆ ಮದುವೆಯಾಗಲು ಬಿಡುವಂಥ ವಿಚ್ಛೇದನ ಬೇಕಿದ್ದರೆ ಪಾರ್ಲಿಮೆಂಟಿನಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಆಗಬೇಕಿತ್ತು. ಹೆಂಡತಿ ಕೈಯಲ್ಲಿದ್ದ ದುಡ್ಡು ದುಗ್ಗಾಣಿ, ಮೊದಲೇ ಪತ್ರ ಮಾಡಿಸಿ ಕಾಪಾಡದಿದ್ದರೆ, ಗಂಡನ ಪಾಲು. ಸಿಕ್ಕವನು ಒಳ್ಳೆಯವನಾಗಿದ್ದರೆ ಬದುಕು, ಇಲ್ಲದಿದ್ದರೆ ಸೆರೆ. ಈ ಕಥೆಗಳ ನಗು, ಕುಣಿತ, ರೇಷ್ಮೆಯ ಕೆಳಗೆ ಈ ಭಯ ಯಾವಾಗಲೂ ಇರುತ್ತದೆ. ಇವು ಬರೀ ಹಗುರ ಓದು ಅನ್ನುವವರು ಅದನ್ನು ನೋಡುವುದಿಲ್ಲ.

ಮದುವೆಯಾದ ಮೇಲಿನ ಭಾಗವನ್ನೇ ನಾನು ಉದ್ದಕ್ಕೆ, ಅತಿ ಪ್ರೀತಿಯಿಂದ ಬರೆದದ್ದು. 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಮೇಲಕ್ಕೆ ಹೋದದ್ದು ಸೂರ್ಯನನ್ನು ಮಂಕಾಗಿಸಿತ್ತು. ಜುಲೈನಲ್ಲೂ ಮಳೆ, ಚಳಿ, ಕೊಳೆತ ಬೆಳೆ. ಆ ಮಳೆ ಗಂಡಹೆಂಡಿರನ್ನು ಒಂದೇ ಬೆಂಕಿಗೂಡಿನ ಮುಂದೆ ಕೂರಿಸಿತು. ಹೊರಗೆ ಹೋಗುವ ಹಾಗಿಲ್ಲ, ನೆಂಟರು ಬರುವ ಹಾಗಿಲ್ಲ. ವೇರಿಂಗ್ ಮನಸ್ಸಿನಲ್ಲಿ ಕಳೆದುಕೊಂಡವಳಿಗಾಗಿ ಕೊರಗುತ್ತಾನೆ, ಎದುರಿಗಿರುವವಳ ಮಾತಿಗೆ ನಗುತ್ತಾನೆ, ನಕ್ಕಿದ್ದಕ್ಕೆ ನಾಚುತ್ತಾನೆ. ಬೇರೆಯವಳ ಮೇಲಿನ ನಿಷ್ಠೆ ಮುರಿಯುತ್ತಿದ್ದೇನೆ ಅಂತ ಅವನಿಗೆ ಸಂಕಟ. ಅವಳು ಬೇರೆಯವಳಲ್ಲ, ಆ ಸಾಲುಗಳನ್ನು ಬರೆದವಳು ಇವಳೇ ಅಂತ ಓದುವವರಿಗೆ ಮೊದಲಿನಿಂದ ಗೊತ್ತು.

ಅದನ್ನು ಮುಚ್ಚಿಡಬಾರದು ಅಂತ ನಾನು ಮೊದಲೇ ತೀರ್ಮಾನಿಸಿದ್ದೆ. ಪತ್ತೇದಾರಿಯಲ್ಲಿ ಗುಟ್ಟು ಕೊನೆಗೆ ಬರಬೇಕು, ಇಲ್ಲಿ ಮುಂಚೆಯೇ ಗೊತ್ತಿರಬೇಕು. ಗೊತ್ತಿದ್ದರೇ ಒಂದೊಂದು ಸಣ್ಣ ಮಾತೂ ಮೈ ಜುಮ್ಮೆನಿಸುವುದು. ಆನ್ ಬಾತುಕೋಳಿಗಳ ಬಗ್ಗೆ ಏನೋ ಹೇಳುತ್ತಾಳೆ, ವೇರಿಂಗ್ ಚಹಾ ಕುಡಿಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸುತ್ತಾನೆ. ಎಲ್ಲೋ ಕೇಳಿದ ಹಾಗಿದೆ. ಆದರೆ ಅಕ್ಕತಂಗಿಯರು ಒಂದೇ ಬಾತುಕೋಳಿಗಳನ್ನು ನೋಡಿ ಬೆಳೆದವರಲ್ಲವೇ ಅಂತ ಸಮಾಧಾನ ಹೇಳಿಕೊಳ್ಳುತ್ತಾನೆ. ಈ ಪುಟ ಬರೆಯುವಾಗ ನನಗೇ ಅವನ ಭುಜ ಹಿಡಿದು ಅಲ್ಲಾಡಿಸಬೇಕು ಅನಿಸುತ್ತಿತ್ತು.

ಅವನು ಕೇಳಿದ್ದು ಅಕ್ಕನನ್ನು ಅಂತ ಆನ್‌ಗೆ ಗೊತ್ತಾಗುವುದು ಆಗಸ್ಟಾಳಿಂದ. ಅವಳಿಗೆ ಕೆಡುಕು ಬುದ್ಧಿಯಿಲ್ಲ. ಬಾತ್‌ನ ನೃತ್ಯ, ಅವನು ಮತ್ತೆ ಮತ್ತೆ ನೋಡಿದ್ದು, ಎಲ್ಲವನ್ನೂ ಸುಮ್ನೆ ನೆನಪು ಮಾಡಿಕೊಳ್ಳುತ್ತಾಳೆ. ಆನ್ ಅಳುವುದಿಲ್ಲ, ಜಗಳಕ್ಕೂ ಹೋಗುವುದಿಲ್ಲ. ಇಷ್ಟು ತಿಂಗಳು ಅವನು ತೋರಿಸಿದ ಒಳ್ಳೆಯತನವೆಲ್ಲ ಬರೀ ಮರ್ಯಾದೆಯಾಗಿತ್ತಾ ಅಂತ ಒಂದೊಂದನ್ನೇ ತೂಗಿ ನೋಡುತ್ತಾಳೆ.

ನಿಜ ಹೊರಬರುವುದು ನೆಡ್‌ನ ಬರೆಯುವ ಪೆಟ್ಟಿಗೆ ಮನೆಗೆ ಬಂದಾಗ. ಒಳಗೆ ಹಳೆಯ ಕಾಗದಗಳು. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಗಂಡು ಕಂಡುಹಿಡಿದು ಓಡಿಬರುತ್ತಾನೆ. ನಾನು ಆ ಕಾಗದವನ್ನು ಆನ್ ಕೈಗೆ ಕೊಟ್ಟೆ. ಅವಳು ಅದನ್ನು ಅವನಿಗೆ ತೋರಿಸುವುದಿಲ್ಲ. ಬೆಂಕಿಯ ಮುಂದೆ ಕೂತು, ನೆಡ್ ಓದುತ್ತಿದ್ದ ಹಾಗೆ ಗಟ್ಟಿಯಾಗಿ ಓದುತ್ತಾಳೆ. ಅವನು ಪ್ರೀತಿಸಿದ್ದು ಕಿವಿಯಿಂದ ಕೇಳಿ, ಗೊತ್ತಾಗಬೇಕಾದ್ದೂ ಹಾಗೆಯೇ ಅನಿಸಿತು. ಓದಿ ಮುಗಿಸಿ ಅವಳು ಕೇಳುವ ಪ್ರಶ್ನೆಯೂ ಕಾಗದದ ಬಗ್ಗೆ ಅಲ್ಲ. ಈ ಬೇಸಿಗೆಯಲ್ಲಿ ನಕ್ಕಿದ್ದು ಯಾರ ಜೊತೆ ಅಂತ. ಅವನ ಉತ್ತರವನ್ನು ಬರೆದು ಹೊಡೆದು, ಬರೆದು ಹೊಡೆದು, ಕೊನೆಗೆ ಒಂದೇ ಸಾಲಿಗೆ ಇಳಿಸಿದೆ. ಕಾಗದ ಸಿಗದಿದ್ದರೂ ಇಷ್ಟರಲ್ಲೇ ಅವನು ಆನ್‌ನನ್ನೇ ಆರಿಸಿಕೊಂಡಿದ್ದ ಅನ್ನುವುದು ಆ ಸಾಲಿನಲ್ಲಿ ಬರಬೇಕಿತ್ತು. ಇಲ್ಲದಿದ್ದರೆ ಅವಳು ಗೆದ್ದದ್ದು ಪುರಾವೆಯಿಂದ ಅಂತಾಗುತ್ತಿತ್ತು.

ಈಗ ಇನ್ನೊಂದು ಕಥೆ ಶುರುಮಾಡಿದ್ದೇನೆ, ಅದಕ್ಕೆ ಶ್ರೀರಂಗಪಟ್ಟಣದ ನಂಟಿದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಅಲ್ಲಿನ ಉಸ್ತುವಾರಿಗೆ ನಿಂತ ಆರ್ಥರ್ ವೆಲ್ಲೆಸ್ಲಿ, ದರಿಯಾ ದೌಲತ್‌ನಲ್ಲಿ ವಾಸವಿದ್ದವನು, ಮುಂದೆ ವಾಟರ್‌ಲೂ ಗೆದ್ದ ವೆಲಿಂಗ್ಟನ್. ಭಾರತಕ್ಕೆ ಬರುವ ಮೊದಲು ಕಿಟ್ಟಿ ಪಾಕೆನ್‌ಹ್ಯಾಮ್ ಎಂಬಾಕೆಯನ್ನು ಕೇಳಿದ್ದ, ಮನೆಯವರು ಒಪ್ಪಿರಲಿಲ್ಲ. 1805ರಲ್ಲಿ ಹಿಂತಿರುಗಿ ಮತ್ತೆ ಕೇಳಿದ, ಮುಖ ನೋಡದೆಯೇ ಮದುವೆ ಗಟ್ಟಿಯಾಯಿತು. 1806ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಎದುರುಬದುರಾದಾಗ ಹತ್ತು ವರ್ಷದಷ್ಟು ಕಾಲ ಇಬ್ಬರನ್ನೂ ಬೇರೆಯವರನ್ನಾಗಿ ಮಾಡಿತ್ತು. ಆ ಮದುವೆ ಸುಖವಾಗಿರಲಿಲ್ಲ. ನನ್ನ ನಾಯಕ ಅವನ ಕೈಕೆಳಗಿನ ಒಬ್ಬ ಸಣ್ಣ ಅಧಿಕಾರಿ. ಊರಿಗೆ ಹಡಗಿನಲ್ಲಿ ತಿಂಗಳುಗಟ್ಟಲೆ ದಾರಿ. ಹಡಗಿನಲ್ಲಿ ಒಬ್ಬ ವಿಧವೆಗೆ ಬರೀ ಮಿಸ್ಟರ್ ಆಗಿ ಪರಿಚಯವಾಗುತ್ತಾನೆ. ಅವನು ಸಮುದ್ರದ ನಡುವೆ ಇರುವಾಗಲೇ ಇತ್ತ ಅವನ ಅಣ್ಣ ತೀರಿಕೊಂಡು, ಲಾರ್ಡ್ ಪದವಿ ಅವನ ಪಾಲಿಗೆ ಬಂದಿದೆ. ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಸದ್ಯಕ್ಕೆ ಹಡಗು ಆಫ್ರಿಕಾದ ದಕ್ಷಿಣದ ಕೇಪ್ ದಾಟುತ್ತಿದೆ.