ಮಿನಿ ಟ್ರ್ಯಾಕ್ಟರ್‌ಗೆ ಸ್ಲ್ಯಾಷರ್ ಕೊಳ್ಳುವ ಮುನ್ನ

ಶಿರಸಿ, ಸಿದ್ದಾಪುರ ಕಡೆ ಬೇಣದ (ಹುಲ್ಲುಗಾವಲಿನ) ಹುಲ್ಲು ಹೊಡೆಯಲು ಸ್ಲ್ಯಾಷರ್ (ಟ್ರ್ಯಾಕ್ಟರ್ ಹಿಂದೆ ಕಟ್ಟುವ, ತಿರುಗುವ ಬ್ಲೇಡಿನ ಯಂತ್ರ) ನೋಡುತ್ತಿರುವವರು ಎಂಜಿನ್ ಎಚ್‌ಪಿ ಬಿಟ್ಟು ಪಿಟಿಒ (ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರ್ ಶಾಫ್ಟ್) ಎಚ್‌ಪಿ ಕೇಳಿ. ಅಡಿ ಅಗಲಕ್ಕೆ ಸುಮಾರು 5 ಎಚ್‌ಪಿ ಲೆಕ್ಕ. ಪಿಟಿಒದಲ್ಲಿ 20 ಸಿಕ್ಕರೆ 4 ಅಡಿಯದು ಸಾಕು. ಹಿಂದಿನ ಟೈರುಗಳ ಹೊರ ಅಂಚು ಅಳೆಯಿರಿ, ಸ್ಲ್ಯಾಷರ್ ಅದಕ್ಕಿಂತ ಕಿರಿದಾದರೆ ಟೈರ್ ತುಳಿದ ಹುಲ್ಲು ಹಾಗೇ ಉಳಿಯುತ್ತದೆ.

ನಮ್ಮದು ಚಿರೆಕಲ್ಲಿನ ನೆಲ. ಬಿಗಿ ಬ್ಲೇಡ್ ಬೇಡವೇ ಬೇಡ. ಕಲ್ಲಿಗೆ ತಾಗಿದರೆ ಹಿಂದಕ್ಕೆ ಮಡಚುವ ಬ್ಲೇಡ್ ಇರಲಿ. ಮನೆ, ರಸ್ತೆ ಪಕ್ಕ ಹೊಡೆಯುವುದಿದ್ದರೆ ಫ್ಲೇಲ್ ಮೋವರ್ (ತಿರುಗುವ ಉರುಳೆಗೆ ತೂಗುಬಿಟ್ಟ ಸಣ್ಣ ಬ್ಲೇಡುಗಳ ಯಂತ್ರ) ಒಳ್ಳೆಯದು, ಕಲ್ಲು ಸಿಡಿಯುವುದು ಕಡಿಮೆ. ಆದರೆ ಭಾರ ಹೆಚ್ಚು. ದರೆ ಏರುವಾಗ ಮುಂದಿನ ಚಕ್ರ ಎದ್ದೀತು, ಮುಂದೆ ತೂಕ ಕಟ್ಟಿ.

ಶಿಯರ್ ಬೋಲ್ಟ್ (ಜೋರು ಹೊಡೆತಕ್ಕೆ ತಾನು ಮುರಿದು ಗೇರ್‌ಬಾಕ್ಸ್ ಉಳಿಸುವ ಬೋಲ್ಟ್) ತುಂಡಾದಾಗ ಗ್ಯಾರೇಜಿನ ಗಟ್ಟಿ ಬೋಲ್ಟ್ ಹಾಕಬೇಡಿ. ಮುಂದಿನ ಹೊಡೆತ ನೇರ ಗೇರ್‌ಬಾಕ್ಸಿಗೆ. ಕಂಪನಿ ಹೇಳಿದ ಬೋಲ್ಟನ್ನೇ ನಾಲ್ಕೈದು ತಂದಿಡಿ.

ಅಡಿಕೆ ತೋಟದಲ್ಲಾದರೆ ಮೊದಲು ಸೋಗೆ, ಡ್ರಿಪ್ ಪೈಪಿನ ತುಂಡು ಹೆಕ್ಕಿ. ಬ್ಲೇಡಿನ ಬುಡಕ್ಕೆ ಸುತ್ತಿದ ಪೈಪು ಆಯಿಲ್ ಸೀಲ್ ಕಿತ್ತು ಎಣ್ಣೆ ಸೋರಿಸುತ್ತದೆ. ಬಿಡಿಸುವ ಮೊದಲು ಎಂಜಿನ್ ಬಂದ್ ಮಾಡಿ, ಕೀ ಜೇಬಿಗೆ ಹಾಕಿ, ಸ್ಲ್ಯಾಷರ್ ಅಡಿ ಮರದ ದಿಮ್ಮಿ ಕೊಡಿ.