ಕೀಪ್ಯಾಡ್ ಬೀಗದ ಕೋಡ್‌ನಲ್ಲಿ ಒಂದು ಅಂಕಿ ಎರಡು ಸಲ ಬರಲಿ
ನಾಲ್ಕಂಕಿಯ ಕೋಡ್ ಇಡುವಾಗ ಒಂದು ಅಂಕಿಯನ್ನು ಎರಡು ಸಲ ಬಳಸಿ, 2747ರ ಹಾಗೆ. ದಿನವೂ ಒತ್ತುವ ಗುಂಡಿಗಳು ಸವೆಯುತ್ತವೆ, ಎಣ್ಣೆಗೈ ಅರಿಶಿನಗೈ ತಗುಲಿದರಂತೂ ಗುರುತು ಎದ್ದು ಕಾಣುತ್ತದೆ. ನಾಲ್ಕು ಬೇರೆ ಅಂಕಿಗಳ ಗುರುತು ಕಂಡರೆ ಕಳ್ಳನಿಗೆ ಉಳಿಯುವುದು 24 ಸಾಧ್ಯತೆ. ಮೂರೇ ಕಂಡರೆ 36, ಯಾವುದು ಎರಡು ಸಲ ಎಂಬುದೂ ಅವನಿಗೆ ತಿಳಿಯದು. ಆಸೆಪಟ್ಟು ಎರಡೇ ಅಂಕಿಯಲ್ಲಿ ಕೋಡ್ ಮಾಡಬೇಡಿ, ಆಗ ಬರೀ 14ಕ್ಕೆ ಇಳಿಯುತ್ತದೆ. ಬ್ಯಾಟರಿಯಿಲ್ಲದ ಕೆಲವು ಮೆಕ್ಯಾನಿಕಲ್ ಬೀಗಗಳಲ್ಲಿ ಈ ಉಪಾಯ ನಡೆಯದು: ಅವುಗಳಲ್ಲಿ ಒಂದು ಗುಂಡಿಗೆ ಒಂದೇ ಒತ್ತು, ಒತ್ತುವ ಕ್ರಮವೂ ಲೆಕ್ಕಕ್ಕಿಲ್ಲ. ಅಂಥ ಬೀಗಕ್ಕೆ ಆಗಾಗ ಕೋಡ್ ಬದಲಿಸುವುದೇ ದಾರಿ. ಯಾವ ಬೀಗವಾದರೂ ವಾರಕ್ಕೊಮ್ಮೆ ಎಲ್ಲ ಗುಂಡಿಗಳನ್ನೂ ಒಣಬಟ್ಟೆಯಿಂದ ಒರೆಸಿ.