ವಿಯೆಟ್ನಾಂ ನೋಡಲು ಹೊರಟ ಬೆಳೆಗಾರರಿಗೆ

ಸಕಲೇಶಪುರದ ಕಡೆಯ ನಾವು ವಿಯೆಟ್ನಾಂ ಎಂಬ ಹೆಸರನ್ನು ಕಲಿತದ್ದೇ ಬೈಗುಳವಾಗಿ. 2001ರಲ್ಲಿ ರೊಬಸ್ಟಾ ಕಾಫಿಯ ಬೆಲೆ ನೆಲ ಕಚ್ಚಿದಾಗ ಎಲ್ಲರ ಬಾಯಲ್ಲೂ ಆ ದೇಶವೇ. ಆಮೇಲೆ ಕಾಳುಮೆಣಸಿನ ಸರದಿ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ದರ ಕಟ್ಟಿದಾಗಲೂ ಅದೇ ಹೆಸರು. ಇಷ್ಟು ವರ್ಷ ಬೈದವರನ್ನು ಒಮ್ಮೆ ಮುಖತಃ ನೋಡೋಣ ಎಂದು ಒಂದು ಮಾರ್ಚ್ ತಿಂಗಳಲ್ಲಿ ಹನ್ನೆರಡು ದಿನ ಹೋಗಿ ಬಂದೆ. ಬಂದಾಗಿನಿಂದ ‘ನಾವೂ ಹೋಗಬೇಕು, ಏನು ನೋಡಬೇಕು’ ಎಂದು ಕೇಳುವವರೇ ಕೇಳುವವರು. ಅವರಿಗಾಗಿ ಇದು.

ಹೋಗುವ ಮುಂಚೆ ಗೋಡೆಗೆ ಒಂದು ನಕ್ಷೆ ಅಂಟಿಸಿಕೊಳ್ಳಿ. ಹೊಸದೇ ಇರಲಿ. 2025ರ ಜುಲೈ 1ರಿಂದ ಅಲ್ಲಿನ 63 ಪ್ರಾಂತ್ಯಗಳನ್ನು ಕೂಡಿಸಿ 34 ಮಾಡಿದ್ದಾರೆ, ಜಿಲ್ಲಾ ಹಂತವನ್ನೇ ತೆಗೆದುಹಾಕಿದ್ದಾರೆ. ಹಳೆಯ ವಿಳಾಸ ಹಿಡಿದು ಹೋದರೆ ತಡಕಾಡಬೇಕಾಗುತ್ತದೆ. ದೇಶದ ಆಕಾರವನ್ನು ಅವರೇ ಕಾವಡಿಗೆ ಹೋಲಿಸುತ್ತಾರೆ: ಉತ್ತರದ ತುದಿಯಲ್ಲಿ ಕೆಂಪು ನದಿಯ ಬಯಲು, ದಕ್ಷಿಣದ ತುದಿಯಲ್ಲಿ ಮೆಕಾಂಗ್ ಬಯಲು, ಎರಡೂ ಭತ್ತದ ಬುಟ್ಟಿಗಳು, ನಡುವೆ ಬಳುಕುವ ಬಿದಿರಿನಂತೆ ಉದ್ದನೆಯ ಕರಾವಳಿ. ಆ ಬಿದಿರು ಒಂದು ಕಡೆ ಎಷ್ಟು ಸಣ್ಣದಾಗಿದೆ ಎಂದರೆ ಕಡಲಿನಿಂದ ಲಾವೋಸ್ ಗಡಿಗೆ ಸುಮಾರು 50 ಕಿಲೋಮೀಟರ್ ಅಷ್ಟೇ. ವಿಸ್ತಾರ ಕರ್ನಾಟಕದ ಒಂದೂಮುಕ್ಕಾಲು ಪಟ್ಟಿನಷ್ಟು, ಜನ ಹತ್ತು ಕೋಟಿ.

ನಕ್ಷೆ ಮೈಗೆ ಹತ್ತಬೇಕಾದರೆ ರೈಲು ಹತ್ತಬೇಕು. ಹನೋಯ್‌ನಿಂದ ಸೈಗಾನಿಗೆ, ಅಂದರೆ ಈಗಿನ ಹೋ ಚಿ ಮಿನ್ಹ್ ನಗರಕ್ಕೆ, 1,726 ಕಿಲೋಮೀಟರ್. ನಮ್ಮ ಹಳೆಯ ಮೀಟರ್ ಗೇಜ್ ಹಳಿ, ಒಂದೂವರೆ ದಿನದ ಕುಲುಕಾಟ. ಕಿಟಕಿಯ ಸೀಟು ಕೇಳಿ ಪಡೆಯಿರಿ. ದಾ ನಾಂಗ್‌ಗೆ ಮುಂಚೆ ಹಾಯ್ ವಾನ್ ಘಟ್ಟ ಬರುತ್ತದೆ. ಘಟ್ಟದ ಈಚೆ ಸ್ವೆಟರ್ ಹಾಕಿಕೊಂಡು ಜಿಟಿಜಿಟಿ ಮಳೆ ನೋಡುತ್ತಿದ್ದವನು ಆಚೆ ಇಳಿಯುವಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದೆ. ಭೂಗೋಳದ ಮಟ್ಟಿಗೆ ಆ ದೇಶ ನನಗೆ ಅರ್ಥವಾದದ್ದು ಅಲ್ಲೇ. ನಮ್ಮ ಸಹ್ಯಾದ್ರಿಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಅಲ್ಲಿ ಕಡಲು ಪೂರ್ವಕ್ಕೆ, ಬೆಟ್ಟಸಾಲು ಪಶ್ಚಿಮಕ್ಕೆ. ಮಧ್ಯ ಕರಾವಳಿಯಲ್ಲಿ ಮಳೆ ಜೋರಾಗಿ ಹೊಡೆಯುವ ನವೆಂಬರಿನಲ್ಲಿ ಬೆಟ್ಟದ ಮೇಲಿನ ಕಾಫಿ ಸೀಮೆಯಲ್ಲಿ ಒಣಹವೆ ಶುರುವಾಗಿರುತ್ತದೆ.

ಹಾದಿಯಲ್ಲಿ ನ್ಯಾ ಚಾಂಗ್‌ನಲ್ಲಿ ಇಳಿಯಿರಿ. ಸಮುದ್ರಸ್ನಾನಕ್ಕೆ ಬೇಕಾದರೆ ಮಲ್ಪೆಗೆ ಹೋಗಬಹುದು. ಇಲ್ಲಿ ಪೊ ನಗರ್ ನೋಡಿ. ಹಿಂದೆ ಆ ಕರಾವಳಿಯನ್ನು ಆಳಿದ ಚಾಂಪಾ ರಾಜ್ಯದ ದೊರೆಗಳು ಭಗವತಿಗೆ ಕಟ್ಟಿಸಿದ ಇಟ್ಟಿಗೆಯ ಗುಡಿಗಳವು, ಸಾವಿರ ವರ್ಷಕ್ಕೂ ಹಳೆಯ ನೆಲೆ. ಈಗ ವಿಯೆಟ್ ಜನ ಅದೇ ದೇವಿಯನ್ನು ತಮ್ಮ ಹೆಸರಿನಿಂದ ಕರೆದು ಊದುಬತ್ತಿ ಹಚ್ಚುತ್ತಾರೆ. ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಹತ್ತಿದರೆ ಡಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ಥುವಾತ್, ನಮ್ಮ ಬೈಗುಳದ ವಿಳಾಸ.

ಅಲ್ಲಿ ಒಂದು ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರಿ. ಐದು ತೋಟ ಓಡಾಡಿ ಫೋಟೊ ತೆಗೆಯುವುದಕ್ಕಿಂತ ಇದು ಮೇಲು. ಮಣ್ಣು ಕೆಂಪು ಬಸಾಲ್ಟ್, ಬೂಟಿಗೆ ಹತ್ತಿದರೆ ಊರಿಗೆ ಬಂದ ಮೇಲೂ ಬಿಡುವುದಿಲ್ಲ. ನೆರಳು ಇಲ್ಲವೇ ಇಲ್ಲ ಎನ್ನಬಹುದು. ನಾವು ಸಿಲ್ವರ್ ಓಕ್, ಹಾಲುವಾಣದ ಮರಗಳ ಕೆಳಗೆ ಸಾಕುವ ಗಿಡ ಅಲ್ಲಿ ಬಟಾಬಯಲಿನಲ್ಲಿ ನಿಂತಿರುತ್ತದೆ. ನಾವು ಹೂಮಳೆಗೆ ಆಕಾಶ ನೋಡುತ್ತೇವೆ, ಇಲ್ಲವೇ ಸ್ಪ್ರಿಂಕ್ಲರ್ ಜೋಡಿಸುತ್ತೇವೆ. ನಾನು ಹೋದ ಮನೆಯ ಯಜಮಾನ ದಪ್ಪ ಪೈಪನ್ನು ಹೆಗಲ ಮೇಲೆ ಎಳೆದುಕೊಂಡು ಪ್ರತಿ ಗಿಡದ ಸುತ್ತ ತಟ್ಟೆಯಂತೆ ತೋಡಿದ ಪಾತಿಗೆ ನೀರು ತುಂಬುತ್ತಿದ್ದ. ಗಡಿಯಾರ ಹಿಡಿದು ನೋಡಿದೆ, ಒಂದು ಗಿಡಕ್ಕೆ ನಾಲ್ಕು ನಿಮಿಷ. ಪಾತಿ ತುಂಬಿತು, ಪೈಪು ಮುಂದಿನ ಗಿಡಕ್ಕೆ. ಮಾತಿಲ್ಲ, ಅವಸರವಿಲ್ಲ. ಅವರ ಇಳುವರಿ ನಮ್ಮದಕ್ಕಿಂತ ಎರಡು ಮೂರು ಪಟ್ಟು ಹೇಗೆ ಹೆಚ್ಚು ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಪೈಪಿನಲ್ಲಿತ್ತು, ಇನ್ನರ್ಧ ಗೊಬ್ಬರದ ಚೀಲದಲ್ಲಿ. ನೀರು ಎಲ್ಲಿಂದ ಎಂದು ಮರೆಯದೆ ಕೇಳಿ. ಬಾವಿ, ಕೊಳವೆಬಾವಿ ಎನ್ನುತ್ತಾರೆ. ಎಷ್ಟು ಆಳಕ್ಕೆ ಹೋಗಿದೆ ಎಂದು ಕೇಳಿದಾಗ ಮಾತ್ರ ಮುಖ ಸ್ವಲ್ಪ ಬಾಡುತ್ತದೆ. ಅಲ್ಲಿ ಬರ ಬಿದ್ದದ್ದರಿಂದಲೇ 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಆ ವರ್ಷ ನಮ್ಮಲ್ಲಿ ಯಾರೂ ವಿಯೆಟ್ನಾಮನ್ನು ಬೈದದ್ದು ನನಗೆ ನೆನಪಿಲ್ಲ.

ಎರಡನೆಯ ಪ್ರಶ್ನೆ, ನೆಲ ಯಾರದು? ಕಾನೂನಿನ ಪ್ರಕಾರ ಸಮಸ್ತ ಜನರದು, ನೋಡಿಕೊಳ್ಳುವುದು ಸರ್ಕಾರ. ರೈತನ ಹತ್ತಿರ ಇರುವುದು ಬಳಸುವ ಹಕ್ಕಿನ ಪತ್ರ. ಕೆಂಪು ಪುಸ್ತಕ ಎಂದು ಕರೆಯುತ್ತಾರೆ. ಹೆಚ್ಚಿನವರದು ಒಂದೆರಡು ಹೆಕ್ಟೇರು. ನಮ್ಮಂತೆ ದೊಡ್ಡ ಎಸ್ಟೇಟು, ಆಳುಗಳ ಲೈನ್ ಮನೆ, ಲೆಕ್ಕ ಬರೆಯುವ ರೈಟರ್ ಎಂದು ಹುಡುಕಿದರೆ ನಿರಾಸೆಯಾಗುತ್ತದೆ. ಗಂಡ ಹೆಂಡತಿ ಮಕ್ಕಳೇ ಆಳು, ಅವರೇ ಧಣಿ. ಇದರ ಹಿಂದಿನ ಕಥೆ ಓದಿಕೊಂಡು ಹೋಗಿ. 1975ರಲ್ಲಿ ಯುದ್ಧ ಮುಗಿದ ಮೇಲೆ ಸಾಮೂಹಿಕ ಬೇಸಾಯವನ್ನು ದೇಶದ ಉದ್ದಕ್ಕೂ ಹೇರಿದರು, ಅನ್ನಕ್ಕೇ ತತ್ವಾರವಾಯಿತು. 1986ರಲ್ಲಿ ‘ದೋಯ್ ಮೋಯ್’ ಎಂಬ ಸುಧಾರಣೆ, 1988ರಲ್ಲಿ ಹೊಲದ ಹೊಣೆ ಮತ್ತೆ ಮನೆಗಳಿಗೆ. ಅಕ್ಕಿ ತರಿಸಿಕೊಳ್ಳುತ್ತಿದ್ದ ದೇಶ 1989ರಲ್ಲಿ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ಹೊರಗೆ ಕಳಿಸಿತು. ಕಾಫಿ ಗುಡ್ಡ ಗುಡ್ಡಕ್ಕೆ ಹಬ್ಬಿದ್ದು ಆ ಬಳಿಕವೇ.

ಆದರೆ ಆ ಗುಡ್ಡಗಳು ಖಾಲಿ ಇರಲಿಲ್ಲ. ಎದೆ, ಜರಾಯ್, ಮ್ನಾಂಗ್ ಎಂಬ ಬುಡಕಟ್ಟುಗಳ ಜನ ಅಲ್ಲಿದ್ದರು. ಸರ್ಕಾರ ಗುರುತಿಸುವ 54 ಜನಾಂಗಗಳಲ್ಲಿ ಬಯಲಿನ ಕಿನ್ಹ್, ಅಂದರೆ ವಿಯೆಟ್, ಜನರದೇ ಶೇ. 85ರಷ್ಟು ಪಾಲು, ಅವರು ಘಟ್ಟ ಹತ್ತಿ ಬಂದು ನೆಲೆಸಿದ ಮೇಲೆ ಮೂಲದವರೇ ಅಲ್ಪಸಂಖ್ಯಾತರಾದರು. ಎದೆ ಜನರ ಉದ್ದಮನೆ ನೋಡಿ ಬನ್ನಿ. ಆಸ್ತಿ ಹೆಣ್ಣುಮಕ್ಕಳಿಗೆ, ಕುಲದ ಹೆಸರು ತಾಯಿಯದು, ಮದುವೆಯಾದ ಗಂಡು ಹೆಂಡತಿಯ ಮನೆಗೆ. ನಮ್ಮ ಜೊತೆಗಿದ್ದ ಮೂಡುಬಿದಿರೆಯವರಿಗೆ ಅಳಿಯಸಂತಾನ ವಿವರಿಸಬೇಕಾಗಿಯೇ ಬರಲಿಲ್ಲ. ಏಣಿಯ ಮೆಟ್ಟಿಲ ಮೇಲೆ ಮರದಲ್ಲಿ ಕೆತ್ತಿದ ಎರಡು ಸ್ತನಗಳು. ಅದನ್ನು ಹಿಡಿದೇ ಹತ್ತಬೇಕು.

ಭಾಷೆ ಕಲಿಯುವ ಹುಚ್ಚಿಗೆ ಹೋಗಬೇಡಿ. ಆರು ಸ್ವರಗಳ ಏರಿಳಿತದಲ್ಲಿ ನಮ್ಮ ನಾಲಿಗೆ ಸೋಲುತ್ತದೆ. ಕರೆಯುವ ಮಾತುಗಳನ್ನಷ್ಟೇ ಕಲಿಯಿರಿ. ‘ನಾನು’, ‘ನೀವು’ ಎಂಬುದಕ್ಕೆ ಬದಲು ಅಲ್ಲಿ ನಂಟಿನ ಹೆಸರೇ. ‘ಆನ್ಹ್’ ಅಣ್ಣ, ‘ಚಿ’ ಅಕ್ಕ, ‘ಎಮ್’ ತಮ್ಮ ಅಥವಾ ತಂಗಿ, ‘ಚೂ’ ಚಿಕ್ಕಪ್ಪ, ‘ಬಾಕ್’ ದೊಡ್ಡಪ್ಪ. ಅದಕ್ಕೇ ಪರಿಚಯವಾದ ಕೂಡಲೇ ವಯಸ್ಸು ಕೇಳುತ್ತಾರೆ. ಬೇಸರ ಬೇಡ, ನಿಮ್ಮನ್ನು ಯಾವ ಮಣೆಯ ಮೇಲೆ ಕೂರಿಸಬೇಕು ಎಂಬ ಲೆಕ್ಕ ಅದು. ನಾನು ಬಾಕ್ ಆದೆ. ನಲವತ್ತರ ಡ್ರೈವರ್ ಮೂರು ದಿನ ನನ್ನನ್ನು ದೊಡ್ಡಪ್ಪ ಎಂದೇ ಕರೆದ.

ಸಸ್ಯಾಹಾರಿಗಳಿಗೆ ಒಂದೇ ಮಂತ್ರ: ‘ಚಾಯ್’. ಚಹಾ ಅಲ್ಲ, ಸಸ್ಯಾಹಾರ. ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೆಯ ದಿನ ಅನೇಕ ಬೌದ್ಧರು ಮಾಂಸ ಬಿಡುವುದರಿಂದ ‘ಚಾಯ್’ ಎಂದು ಫಲಕ ಹಾಕಿದ ಊಟದ ಮನೆಗಳು ಊರೂರಿನಲ್ಲಿವೆ. ಅವನ್ನು ಬಿಟ್ಟು ಬೇರೆಡೆ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬಿದ್ದಿರುತ್ತದೆ.

ದುಡ್ಡಿನ ವಿಷಯ. ಒಂದು ರೂಪಾಯಿಗೆ ಸುಮಾರು 300 ಡಾಂಗ್. 20,000ದ ನೋಟೂ ನೀಲಿ, 5,00,000ದ್ದೂ ನೀಲಿ. ಬೇರೆ ಬೇರೆ ಜೇಬಿನಲ್ಲಿಡಿ. ನಾನು ಒಂದು ಎಳನೀರಿಗೆ ದೊಡ್ಡ ನೀಲಿಯನ್ನು ಕೊಟ್ಟು ನಡೆದೇಬಿಟ್ಟಿದ್ದೆ. ಮಾರುವಾಕೆ ಗಾಡಿ ಬಿಟ್ಟು ಓಡಿ ಬಂದು ಬೆನ್ನು ತಟ್ಟಿ ವಾಪಸು ಕೊಟ್ಟಳು.

ಕಾಫಿ ಮೆಣಸು ನೋಡಿ ‘ಇದೂ ನಮ್ಮಂತೆ ರೈತರ ದೇಶ’ ಎಂದು ಬರೆದುಕೊಂಡು ಬರಬೇಡಿ. ಕಾಫಿಯಲ್ಲಿ ಬ್ರೆಜಿಲ್ ನಂತರದ ಸ್ಥಾನ, ಕಾಳುಮೆಣಸಿನ ರಫ್ತಿನಲ್ಲಿ ಮೊದಲ ಸ್ಥಾನ, ಎಲ್ಲ ಹೌದು. ಆದರೆ ದೇಶದ ಆದಾಯದಲ್ಲಿ ಬೇಸಾಯದ ಪಾಲು ಎಂಟನೆಯ ಒಂದಂಶದ ಆಸುಪಾಸು. ಹನೋಯ್ ಪಕ್ಕದ ಬಾಕ್ ನಿನ್ಹ್‌ನಲ್ಲಿ ಸ್ಯಾಮ್‌ಸಂಗ್ 2009ರಲ್ಲಿ ಮೊಬೈಲ್ ಕಾರ್ಖಾನೆ ಶುರು ಮಾಡಿತು. ಈಗ ಫೋನು, ಎಲೆಕ್ಟ್ರಾನಿಕ್ಸ್, ಬಟ್ಟೆ, ಬೂಟುಗಳೇ ರಫ್ತಿನ ಹಿರಿಯ ಪಾಲು. ತೋಟದ ಮನೆಗಳಲ್ಲಿ ಮಕ್ಕಳು ಎಲ್ಲಿ ಎಂದು ಕೇಳಿ ನೋಡಿ. ನಮ್ಮ ಊರಿನಲ್ಲಿ ಬೆಂಗಳೂರು ಎನ್ನುವಷ್ಟೇ ಸಲೀಸಾಗಿ ಸೈಗಾನ್ ಎನ್ನುತ್ತಾರೆ. ರಾಜಕೀಯ ಮಾತ್ರ ಕೆದಕಬೇಡಿ, ಅಲ್ಲಿ ಇರುವುದು ಒಂದೇ ಪಕ್ಷ. ಕೆದಕಿದರೆ ಆತಿಥೇಯರಿಗೆ ಮುಜುಗರ.

ಯಾವಾಗ ಹೋಗಬೇಕು? ಕೊಯ್ಲು ನೋಡಬೇಕಾದರೆ ನವೆಂಬರ್ ಕೊನೆ. ನಮ್ಮ ರೊಬಸ್ಟಾ ಆಗ ಇನ್ನೂ ಹಣ್ಣಾಗಿರುವುದಿಲ್ಲ. ನೀರು ಕಟ್ಟುವುದನ್ನು ನೋಡಬೇಕಾದರೆ ಫೆಬ್ರುವರಿ ಕೊನೆಯಿಂದ ಮಾರ್ಚ್. ‘ಟೆಟ್’ ಹೊಸವರ್ಷದ ವಾರವನ್ನು ಬಿಟ್ಟುಬಿಡಿ, ಅದು ಜನವರಿ 21ರಿಂದ ಫೆಬ್ರುವರಿ 20ರೊಳಗೆ ಎಲ್ಲೋ ಬರುತ್ತದೆ. ಆ ವಾರ ಟಿಕೆಟ್ ಸಿಗುವುದಿಲ್ಲ, ಅಂಗಡಿ ತೆರೆದಿರುವುದಿಲ್ಲ, ಪೈಪು ಹಿಡಿದ ಯಜಮಾನನೂ ತೋಟದಲ್ಲಿರುವುದಿಲ್ಲ.